ರಾತ್ರಿ ಮೂರು ಸಲ ಏಳೋ ಬ್ಯಾಟರಿ

ನಾನು ಒಂದು ಬ್ಯಾಟರಿ, ಮೂರು ಸೆಲ್ಲಿಂದು. ಶಾಣ್ಯಾರು ಟಾರ್ಚ್ ಅಂತಾರ, ಅನ್ನಲಿ. ಯಾವುದೋ ಕಾರ್ಖಾನ್ಯಾಗ ಹುಟ್ಟಿ, ಗದಗಿನ ಅಂಗಡ್ಯಾಗ ಧೂಳು ತಿಂದು, ಕಾಲುವಿ ಕಾಯೋ ಚನವೀರಪ್ಪನ ಕೈ ಸೇರಿದೆ. ಅಂವ ತೀರಿಕೊಂಡ ಮ್ಯಾಲೆ ಅವನ ಹೆಂಡತಿ ನೀಲಗಂಗವ್ವನ ತಲಿದಿಂಬಿನ ಕೆಳಗ ಬಂದೆ. ಇನ್ನ ಆರಾಮ ಅಂದ್ಕೊಂಡೆ. ಎಲ್ಲೀ ಆರಾಮ!

ಹೋದ ವರ್ಷದಿಂದ ಆಕಿಗೆ ರಾತ್ರಿ ಕಾಲ್ಮಡಿ ಕಾಟ. ಹನ್ನೊಂದಕ್ಕ ಒಮ್ಮೆ, ಒಂದಕ್ಕ ಒಮ್ಮೆ, ಮೂರಕ್ಕ ಮತ್ತೊಮ್ಮೆ. ಪಾಯಖಾನಿ ಹಿತ್ತಲದಾಗ. ಕಣ್ಣು ಹತ್ತಿತೋ ಇಲ್ಲೋ, ದಿಂಬಿನ ಕೆಳಗ ಕೈ ಬರ್ತಿತ್ತು. "ಏಳಪಾ ತಮ್ಮಾ" ಅಂತಿದ್ಲು. ನನಗೇನು ಉಚ್ಚಿ ಬಂದಿತ್ತೇನ್ರಿ?

ಸಂಜಿ ಚಹಾ ಬಿಟ್ಲು, ನೀರೂ ಕಡಿಮಿ ಮಾಡಿದ್ಲು. ಸಕ್ಕರಿ ಬ್ಯಾನಿ ಅಂತ ಹೆದರಿ ರಕ್ತ ತೋರಿಸಿದ್ಲು, ಅದೂ ಇಲ್ಲ. ರಾತ್ರಿ ಏಳೋ ಸುದ್ದಿ ಮಾತ್ರ ಯಾರ ಮುಂದೂ ಬಾಯಿಬಿಡಲಿಲ್ಲ, ನಾಚಿಕಿ.

ಅಷ್ಟರಾಗ ಬಿಜಾಪುರದಿಂದ ಮಗಳು ಸಾವಂತ್ರಿ ಫೋನ್ ಮಾಡಿದ್ಲು. "ಅವ್ವಾ, ಡಾಕ್ಟರು ನನಗ ಓಡಾಡಬ್ಯಾಡ ಅಂದಾರ. ಬಾಣಂತನಕ್ಕ ನೀನ ಇಲ್ಲಿಗೆ ಬಾ."

ಆ ಮನ್ಯಾಗ ಬೀಗರು ನಡುಮನ್ಯಾಗ ಮಲಗ್ತಾರ. ಅವರನ್ನ ದಾಟಿ ರಾತ್ರಿ ಮೂರು ಸಲ ಹ್ಯಾಂಗ ಹೋಗೋದು? "ಮಣಕಾಲು ನೋವು, ಆಗೂದಿಲ್ಲವ್ವ" ಅಂದುಬಿಟ್ಲು.

"ನಿನಗ ನಾ ಬ್ಯಾಡಾದ್ನಿ" ಅಂತ ಮಗಳು ಫೋನ್ ಇಟ್ಲು. ಆ ರಾತ್ರಿ ನೀಲಗಂಗವ್ವ ಅತ್ತು ಅತ್ತು ದಿಂಬು ತೋಯಿಸಿದ್ಲು. ನನಗ ಭಾಳ ಕೆಟ್ಟನಿಸ್ತು.

ಮರುವಾರ ಬಿಪಿ ನೋಡಾಕ ನರ್ಸಬಾಯಿ ಹಸೀನಾ ಬಂದ್ಲು. ಕಣ್ಣು ಬಾತಿದ್ದು ಕಂಡು ಕೇಳೇ ಕೇಳಿದ್ಲು. ನೀಲಗಂಗವ್ವ ಎಲ್ಲಾ ಹೇಳಿದ್ಲು.

"ಬಿಪಿ ಗುಳಿಗಿ ಯಾವಾಗ ತಗೋತಿ?"

"ಲಿಂಗಪೂಜಿ ಆಗೂತನಕ ಬಾಯಾಗ ಏನೂ ಹಾಕಂಗಿಲ್ಲವ್ವ. ಪೂಜಿ ಮುಗಿಯೋದ್ರಾಗ ಮರೀತೈತಿ. ಅದಕ್ಕ ಮಲಗೂಮುಂದ ನುಂಗತೀನಿ."

ಹಸೀನಾ ಹಣಿ ಹಣಿ ಬಡಕೊಂಡ್ಲು. "ಅಯ್ಯ ನಮ್ಮವ್ವ! ಅದು ಮೈಯಾಗಿನ ನೀರು ಇಳಸೋ ಗುಳಿಗಿ. ಡಾಕ್ಟರು ಮುಂಜಾನೆ ಅಂತ ಬರದಾರ. ಪೂಜಿ ಮುಗಿಸಿ, ನಾಷ್ಟಾ ಮಾಡಿ ನುಂಗು. ನಿನ್ನ ಶಿವ ಸಿಟ್ಟಾಗಂಗಿಲ್ಲ."

ನಾಕು ದಿನ ಕಳೀತು. ಒಂದು ರಾತ್ರಿ ಹನ್ನೊಂದಾತು, ಒಂದಾತು, ಮೂರಾತು. ಕೈ ಬರಲಿಲ್ಲ. ಮುದುಕಿ ಹೋದ್ಲೇನಪಾ! ಆಮ್ಯಾಲೆ ಗೊರಕಿ ಕೇಳಿಸ್ತು. ಮುಂಜಾನೆ ಎದ್ದಾಕಿನೇ ಮಗಳಿಗೆ ಫೋನ್ ಹಚ್ಚಿದ್ಲು.

ಈಗ ಬಿಜಾಪುರದಾಗ ಇದ್ದೀವಿ. ನನಗೂ ವಯಸ್ಸಾತು, ಎರಡು ಸಲ ತಟ್ಟಿದ್ರ ಹತ್ತತೀನಿ. ರಾತ್ರಿ ಮೂರು ಸಲ ಮತ್ತ ದಿಂಬಿನ ಕೆಳಗ ಕೈ ಬರ್ತೈತಿ. "ಏಳಪಾ ತಮ್ಮಾ, ಕೂಸು ಉಚ್ಚಿ ಹೊಯ್ತು" ಅಂತಾಳ. ಸಾವಂತ್ರಿ ಏಳಾಕ ಹೋದ್ರ ತಡೀತಾಳ.

"ನೀ ಮಲಗವ್ವ. ನನಗ ರೂಢಿ ಐತಿ."