ಓಣಿ ಬಿಟ್ಟ ಗ್ರಾನೈಟ್ ಮಶಿನ್

ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ಶಂಕ್ರಪ್ಪನಿಗೆ ಆಗ ರಾತ್ರಿ ಪಾಳಿ. ಬೆಳಿಗ್ಗೆ ಬಂದು ಎರಡು ರೊಟ್ಟಿ ತಿಂದು ಮಲಗಿದರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಆದರೆ ಪಕ್ಕದ ಮನೆಯ ಮಲ್ಲೇಶ ಅಂಗಳದಲ್ಲಿ ಗ್ರಾನೈಟ್ ಕತ್ತರಿಸುವ ಮಶಿನ್ ಹಾಕಿದ ಮೇಲೆ ನಿದ್ದೆ ಹಾರಿಹೋಯಿತು. ಬೆಳಗಿನ ಐದಕ್ಕೆ ಶುರುವಾದ ಸಪ್ಪಳ ಸಂಜೆಗೇ ನಿಲ್ಲುತ್ತಿತ್ತು.

ಒಂದು ದಿನ ಶಂಕ್ರಪ್ಪ ಕೆಲಸದಲ್ಲಿ ತೂಕಡಿಸಿ, ತಿರುಗುವ ಯಂತ್ರದತ್ತ ವಾಲಿದ. ಜೊತೆಗಾರ ಅಂಗಿ ಹಿಡಿದು ಎಳೆದದ್ದರಿಂದ ಕೈ ಉಳಿಯಿತು.

ಅದನ್ನು ಕೇಳಿದ ಹೆಂಡತಿ ಯಲ್ಲವ್ವ, "ಮಲ್ಲೇಶಣ್ಣಗ ಹೇಳೂಣು, ನಡೀರಿ," ಎಂದಳು.

"ಎರಡ ಸಲ ಹೇಳೇನಿ, ಕೇಳವಲ್ಲ. ದಂಧೆ ಅವಂದು, ಜಾಗಾ ಅವಂದು. ಓಣ್ಯಾಗ ಜಗಳ ಬ್ಯಾಡ," ಎಂದ ಶಂಕ್ರಪ್ಪ.

ಆಗ ಮನೆಮನೆ ಭೇಟಿಗೆ ಬಂದಿದ್ದ ಆಶಾ ಕಾರ್ಯಕರ್ತೆ ರೂಪಾಲಿ ಕಟ್ಟೆಯ ಮೇಲೆ ಕುಳಿತಳು.

"ಜಾಗಾ ಅವಂದ ಖರೆ, ಅಣ್ಣಾರ. ಸಪ್ಪಳ ನಿಮ್ಮ ಮನ್ಯಾಗ ಬರತೈತಲ್ಲ? ಅದಕ್ಕ ಕಾಯ್ದೆ ಐತಿ. ಸಪ್ಪಳಾ ಡೆಸಿಬಲ್ ಲೆಕ್ಕದಾಗ ಅಳೀತಾರ. ಮನಿಗಳಿರೋ ಕಡೆ ಹಗಲು ಐವತ್ತೈದು ದಾಟಬಾರದು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ನಲವತ್ತೈದು. ದಾಟಿದ್ರ ನಗರಸಭೆಗೆ ಅರ್ಜಿ ಕೊಡ್ರಿ."

"ನಮ್ಮಂಥಾವರ ಅರ್ಜಿ ಯಾರ ಓದ್ತಾರವಾ?" ಎಂದ ಶಂಕ್ರಪ್ಪ.

"ಓಣಿಯವರೆಲ್ಲಾ ಕೂಡಿ ಸಹಿ ಮಾಡ್ರಿ, ಓದ್ತಾರ. ಸಪ್ಪಳ ಯಾವತ್ತು, ಎಷ್ಟೊತ್ತಿಗೆ ಅಂತ ಬರದ ಇಡ್ರಿ. ಕೊಟ್ಟಿದ್ದಕ್ಕ ಸ್ವೀಕೃತಿ ಚೀಟಿ ಇಸಗೋರಿ."

ಯಲ್ಲವ್ವ ಎಂಟು ದಿನ ಸಪ್ಪಳದ ವೇಳೆ ಬರೆದಿಟ್ಟಳು. ಹನ್ನೊಂದು ಮನೆಗಳ ಬಾಗಿಲಿಗೆ ಹೋದಳು. ಎರಡು ಮನೆಯವರು ಒಪ್ಪಲಿಲ್ಲ; ಅವರಲ್ಲಿ ನಾಗಲಿಂಗಪ್ಪ "ಈ ಉಸಾಬರಿ ನಮಗ ಬ್ಯಾಡ" ಎಂದ. ಅಕ್ಷರ ಬಾರದ ಮುದುಕಿ ಗುರುಸಿದ್ದವ್ವ ತಾನೇ ಕರೆದು ಹೆಬ್ಬೆಟ್ಟು ಒತ್ತಿದಳು. ಒಂಬತ್ತು ಮನೆಯವರ ಅರ್ಜಿ ನಗರಸಭೆ ಸೇರಿತು.

ಹತ್ತು ದಿನ ಯಾರೂ ಬರಲಿಲ್ಲ. "ನಾ ಹೇಳಿರಲಿಲ್ಲೇನು?" ಎಂದ ಶಂಕ್ರಪ್ಪ. ಯಲ್ಲವ್ವ ಸ್ವೀಕೃತಿ ಚೀಟಿ ಹಿಡಿದು ಮತ್ತೆ ನಗರಸಭೆಗೆ ಹೋದಳು. ಮೂರನೆಯ ದಿನ ನಗರಸಭೆಯವರೂ ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಬಂದು, ಅವಳ ಹೊಸ್ತಿಲಲ್ಲೇ ನಿಂತು ಸಪ್ಪಳ ಅಳೆದರು. ಎಂಬತ್ತೊಂದು ಡೆಸಿಬಲ್!

"ವೈನಿ, ನನ್ನ ಹೊಟ್ಟಿ ಮ್ಯಾಲೆ ಯಾಕ ಹೊಡೀತೀರಿ?" ಎಂದ ಮಲ್ಲೇಶ.

ಯಲ್ಲವ್ವ ಹೊಸ್ತಿಲು ದಾಟಿ ಅವನೆದುರು ಬಂದಳು. "ಅಂಗಡಿ ಮುಚ್ಚಸ್ರಿ ಅಂತ ನಾ ಬರದಿಲ್ಲಣ್ಣ. ಕಲ್ಲು ಇಲ್ಲೇ ಮಾರು, ಮಶಿನ್ ಅಷ್ಟ ಬ್ಯಾರೆ ಕಡೆ ಒಯ್ಯಿ. ನಿದ್ದಿಲ್ಲದ ಇವರ ಕೈ ಹೋಗತಿತ್ತು, ಗೊತ್ತೈತೇನು?"

ಮಲ್ಲೇಶನಿಗೆ ಗೊತ್ತಿರಲಿಲ್ಲ. ಅವನು ತಲೆ ತಗ್ಗಿಸಿದ. ಮನೆಗಳ ನಡುವೆ ಆ ಮಶಿನ್ ನಡೆಸಲು ಪರವಾನಗಿಯೂ ಇರಲಿಲ್ಲ. ಹದಿನೈದು ದಿನದಲ್ಲಿ ತೆಗೆಯಬೇಕೆಂದು ನಗರಸಭೆಯವರು ನೋಟಿಸ್ ಕೊಟ್ಟರು. ಊರ ಹೊರಗೆ ಮಲ್ಲೇಶನಿಗೆ ಶೆಡ್ ಸಿಕ್ಕಿತು.

ಟೆಂಪೋ ಮಶಿನ್ ಹೇರಿಕೊಂಡು ಹೊರಟ ದಿನ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದರು. ಯಾರೋ ಚಪ್ಪಾಳೆ ಶುರುಮಾಡಿದರು. ಗುರುಸಿದ್ದವ್ವ ತುಟಿಯ ಮೇಲೆ ಬೆರಳಿಟ್ಟು, "ಶಂಕ್ರಪ್ಪ ಮಲಗ್ಯಾನ" ಎಂದಳು. ಎಲ್ಲರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಮಲ್ಲೇಶನೂ ನಕ್ಕು, ಹಾರ್ನ್ ಹೊಡೆಯಬೇಡವೆಂದು ಡ್ರೈವರನಿಗೆ ಸನ್ನೆ ಮಾಡಿದ.

ಶಂಕ್ರಪ್ಪ ಎದ್ದಾಗ ಎರಡು ಗಂಟೆ. "ಸಾಂಬ್ರಾಣಿ ಊರಾಗ ನಮ್ಮಕ್ಕನ ಮನಿ ಬಾಜೂಕ ಗಿರಣಿ ಸಪ್ಪಳ ಭಾಳ ಐತಿ," ಎಂದ. "ಅರ್ಜಿ ಹೆಂಗ ಕೊಡೋದಂತ ನಾನ ಹೋಗಿ ಹೇಳಿ ಬರ್ತೇನಿ."

ನಿಮ್ಮ ಮನೆಯ ಪಕ್ಕದಲ್ಲೂ ಇಂಥ ಸಪ್ಪಳವಿದೆಯೇ? ಮೊದಲು ಸಮಾಧಾನದಿಂದ ಮಾತಾಡಿ. ಕೇಳದಿದ್ದರೆ ನೆರೆಯವರ ಜೊತೆ ಸೇರಿ ನಗರಸಭೆಗೋ ಪಂಚಾಯಿತಿಗೋ ಮಾಲಿನ್ಯ ನಿಯಂತ್ರಣ ಮಂಡಳಿಗೋ ಅರ್ಜಿ ಕೊಡಿ. ಅಂಗಡಿ, ಕಾರ್ಖಾನೆ ನಡೆಸುವವರೇ, ಯಂತ್ರ ಕೂಡಿಸುವ ಮೊದಲು ಗೋಡೆಯ ಆಚೆ ಯಾರು ಮಲಗಿದ್ದಾರೆಂದು ಒಮ್ಮೆ ಕೇಳಿ ನೋಡಿ.