ಬಿರುಗಾಳಿಯ ಮೇಲೆ ನಿಂತ ಮುಳ್ಳು

ಮೂರನೆಯ ಸಲ ಮಾಗ್ನುಸ್ ಸ್ಕ್ರೂಡ್ರೈವರ್ ಹಿಡಿದು ಅಡುಗೆಮನೆಯ ಗೋಡೆಯ ಮುಂದೆ ನಿಂತಿದ್ದ. ಹಿಡಿದದ್ದು ಎಡಗೈಯಲ್ಲಿ, ಬಲಗೈ ಮಾರ್ಚಿಯಿಂದೀಚೆಗೆ ಅವನ ಮಾತು ಕೇಳುತ್ತಿರಲಿಲ್ಲ. ಹೆಂಡತಿ ಜೆನ್ಸಿ ಆಲೂಗಡ್ಡೆ ಸುಲಿಯುವುದನ್ನು ಅಲ್ಲಿಗೇ ಬಿಟ್ಟು ಎದ್ದು ಬಂದಳು. ಮಗುವಿನ ಬಾಯಿಂದ ಗುಂಡಿ ತೆಗೆಯುವಷ್ಟು ಮೆಲ್ಲಗೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅದೇ," ಎಂದ ಮಾಗ್ನುಸ್.

"ಅದೇ ಬೇಡ ಅಂತ ಕಣೋ ನಾನು ಬಡ್ಕೋತಿರೋದು," ಎಂದು ಜೆನ್ಸಿ ಸ್ಕ್ರೂಡ್ರೈವರನ್ನು ಮತ್ತೆ ಬ್ರೆಡ್ಡಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದಳು.

ಪಾರ್ಶ್ವವಾಯು ಹೊಡೆದ ಮೇಲೆ ಮಾಗ್ನುಸನ ಬಾಯಲ್ಲಿ ಉಳಿದದ್ದು ಅದೊಂದೇ ಮಾತು. ಕಾಫಿ ಬೇಕಾದರೂ ಅದೇ, ಬೇಡವಾದರೂ ಅದೇ. ರಾಗ ಮಾತ್ರ ಬೇರೆ ಬೇರೆ. ಏಳು ತಿಂಗಳಲ್ಲಿ ಜೆನ್ಸಿ ಆ ಒಂಟಿ ತಂತಿಯ ಎಲ್ಲ ರಾಗಗಳನ್ನೂ ಕಲಿತುಬಿಟ್ಟಿದ್ದಳು: ಸೊಂಟ ನೋಯುತ್ತಿರುವುದು, ಟಿವಿ ಬೇಸರವಾದದ್ದು, ಪಕ್ಕದ ಮನೆಯ ಆಫ್ರಾ ಇನ್ನು ಎದ್ದು ಹೊರಟರೆ ಒಳ್ಳೆಯದು ಎನ್ನುವುದು. ಆದರೆ ಈ ಸ್ಕ್ರೂಡ್ರೈವರಿನ ರಾಗ ಅವಳ ಕಿವಿಗೆ ಹತ್ತುತ್ತಿರಲಿಲ್ಲ. ಹತ್ತದ್ದಕ್ಕೇ ಅವಳಿಗೆ ಭಯ. ಹಣ್ಣಿನ ಬುಟ್ಟಿಯ ಕೆಳಗೆ ಕೆಂಪ್ಟೆನ್ ಪಟ್ಟಣದ ಆರೈಕೆ ಮನೆಯ ಅರ್ಜಿಯೊಂದು ಸಹಿಗಾಗಿ ಕಾದಿತ್ತು. ಒಂದು ಹಾಸಿಗೆ ಖಾಲಿಯಿದೆ, ಶುಕ್ರವಾರದ ತನಕ ಹಿಡಿದಿಡುತ್ತೇವೆ ಎಂದಿದ್ದರು. ತಲೆಯೊಳಗೆ ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಎನ್ನುವುದನ್ನು ಮನೆಯವರೇ ನೋಡಿ ತಿಳಿಯಬೇಕು ಎಂದು ಡಾಕ್ಟರು ಕೈತೊಳೆದುಕೊಂಡಿದ್ದರು. ಜೆನ್ಸಿ ಶಾಲೆಯ ಅಡುಗೆಮನೆಗೆ ಕೆಲಸಕ್ಕೆ ಹೋದಾಗ ಮನೆಯಲ್ಲಿ ಒಬ್ಬನೇ ಇರುವ ಗಂಡಸು, ಕಂಡದ್ದನ್ನೆಲ್ಲ ಬಿಚ್ಚಿ ಹಾಕುವ ಹಂತಕ್ಕೆ ಬಂದರೆ?

ಗೋಡೆಯ ಮೇಲೆ, ಹಿತ್ತಾಳೆಯ ಬಳೆ ತೊಟ್ಟ ಬಾರೋಮೀಟರು ತನಗೂ ಇದಕ್ಕೂ ಸಂಬಂಧವಿಲ್ಲವೆಂಬಂತೆ ಹೊಳೆಯುತ್ತಿತ್ತು. ಒಣಹವೆ, ಹಸನು, ಬದಲಾವಣೆ, ಮಳೆ, ಬಿರುಗಾಳಿ ಎಂದು ಸುತ್ತಲೂ ಹಳೆಯ ಬಳುಕು ಅಕ್ಷರಗಳು. ಮುಳ್ಳು ಬಿರುಗಾಳಿಯನ್ನೂ ದಾಟಿ, ಅಕ್ಷರಗಳು ಮುಗಿದು ಬರೀ ಬಿಳಿ ಉಳಿದ ಕಡೆ ಹೋಗಿ ಒರಗಿಕೊಂಡಿತ್ತು. ಕಿಟಕಿಯಾಚೆ ಅಕ್ಟೋಬರಿನ ಚಿನ್ನದ ಬಿಸಿಲು. ಎದುರು ಬೆಟ್ಟದ ಹಸುಗಳನ್ನು ಕುಳಿತಲ್ಲಿಂದಲೇ ಎಣಿಸಬಹುದಾಗಿತ್ತು.

ಮಾಗ್ನುಸ್ ಮೂವತ್ತೊಂದು ವರ್ಷ ಆ ಬೆಟ್ಟದ ರೋಪ್‌ವೇ ನಡೆಸಿದವನು. ಬೆಳಿಗ್ಗೆ ಎದ್ದ ಕೂಡಲೇ, ಅಪ್ಪನ ಕಾಲದಿಂದ ಅದೇ ಮೊಳೆಗೆ ನೇತಾಡುತ್ತಿದ್ದ ಹಳೆಯ ಬಾರೋಮೀಟರಿನ ಗಾಜನ್ನು ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟುತ್ತಿದ್ದ. ಮುಳ್ಳು ಯಾವ ಕಡೆಗೆ ಅದುರಿತೆಂದು ನೋಡಿ ಕಿಟಕಿ ತೆರೆಯುತ್ತಿದ್ದ. ಅಷ್ಟರಲ್ಲಿ ಬೀದಿಯಲ್ಲಿ ಒಬ್ಬರೋ ಇಬ್ಬರೋ ಕಾದು ನಿಂತಿರುತ್ತಿದ್ದರು. ಹುಲ್ಲು ಕೊಯ್ಯುವವರು, ಮಾಡು ರಿಪೇರಿಯವರು, ಬಟ್ಟೆ ಒಗೆಯುವವರು. ರೇಡಿಯೋದಲ್ಲಿ ಹೇಳಿರಲಿಲ್ಲವೇ ಎಂದರೆ ಹೇಳಿತ್ತು; ಆದರೆ ಶಂಖದಿಂದ ಬಂದರೇ ತೀರ್ಥ. ಮಾಗ್ನುಸ್ ಅದನ್ನು ಸುಮ್ಮನೆ ಹೇಳುತ್ತಲೂ ಇರಲಿಲ್ಲ. ಮಳೆಯ ದಿನ ಪಾದ್ರಿಯ ಮೂಗುದನಿಯಲ್ಲಿ, ಬಿಸಿಲಿನ ದಿನ ರೇಡಿಯೋ ಹುಡುಗಿಯ ಸಕ್ಕರೆ ದನಿಯಲ್ಲಿ, ಹಿಮ ಬೀಳುವುದಿದ್ದರೆ ತೀರಿಹೋದ ತನ್ನ ಅತ್ತೆಯ ದನಿಯಲ್ಲಿ ಹೇಳುತ್ತಿದ್ದ. ಊರಿನ ಹವಾಮಾನದ ಮಾನವೆಲ್ಲ ಅವನ ಗಂಟಲಲ್ಲಿತ್ತು.

ಮಾರ್ಚಿಯ ಒಂದು ಬೆಳಿಗ್ಗೆ ಗಾಜಿಗೆ ಒಂದು ಸಲ ಕುಟ್ಟಿದವನು ಎರಡನೆಯ ಸಲ ಕುಟ್ಟಲಿಲ್ಲ. ಬೀಳುವಾಗ ಕೈಗೆ ಸಿಕ್ಕ ಬಾರೋಮೀಟರನ್ನೇ ಹಿಡಿದುಕೊಂಡ. ಇಬ್ಬರೂ ಒಟ್ಟಿಗೆ ನೆಲಕ್ಕೆ ಬಂದರು. ಒಬ್ಬನನ್ನು ಆಸ್ಪತ್ರೆಗೆ ಒಯ್ದರು, ಇನ್ನೊಂದನ್ನು ಕಸದ ತೊಟ್ಟಿಗೆ.

ಅಂಥದೇ ಒಂದನ್ನು ಮತ್ತೆ ಆ ಮೊಳೆಗೆ ಹಾಕಿದರೆ ಅವನು ಕುಟ್ಟಿಯಾನು, ಕುಟ್ಟಿದರೆ ಏನಾದರೂ ಹೇಳಿಯಾನು ಎಂಬುದು ಜೆನ್ಸಿಯ ಲೆಕ್ಕಾಚಾರ. ಹನ್ನೊಂದು ವಾರ ಹರಾಜಿನ ಜಾಲತಾಣದಲ್ಲಿ ಹುಡುಕಿದಳು. ಕೊನೆಗೆ ಸಿಕ್ಕಿದ್ದು ಉತ್ತರ ಸಮುದ್ರದ ಒಂದು ಚಪ್ಪಟೆ ದ್ವೀಪದ ಮೊಮ್ಮೆ ಎಂಬ ಮುದುಕನ ಹತ್ತಿರ. ಅವನ ಹೆಸರಿನ ಮುಂದೆ ಎರಡು ಸಾವಿರದ ಮುನ್ನೂರ ಹನ್ನೊಂದು ಮೆಚ್ಚುಗೆಯ ಹಸಿರು ಚುಕ್ಕೆ, ದೂರಿನ ಕೆಂಪು ಒಂದೂ ಇಲ್ಲ. ಕೊಂಡವರೆಲ್ಲ 'ಸರಕು ಚೆನ್ನ, ಬೇಗ ಬಂತು, ಇನ್ನೊಮ್ಮೆ ಖುಷಿಯಿಂದ' ಎಂದು ಒಂದೇ ಪಲ್ಲವಿ ಹಾಡಿದ್ದರು. ಕಡೆಯ ಐದು ಸೆಕೆಂಡಿನಲ್ಲಿ ಗುಂಡಿ ಒತ್ತಿದ ಬೆರಳು ಆಫ್ರಾಳದು. ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಠಸ್ಸೆ ಹೊಡೆದ ಬೆರಳು, ಗುರಿ ತಪ್ಪುವುದಿಲ್ಲ.

ಕುರಿಯ ತುಪ್ಪಟದಲ್ಲಿ ಸುತ್ತಿಕೊಂಡು ಅದು ಬಂತು. ಬಿಚ್ಚಿದಾಗ ಮಾಗ್ನುಸ್ ಗಾಜಿನ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಕೂತ. ಮರುದಿನ ಬೆಳಿಗ್ಗೆ ಅವಳೆಣಿಸಿದಂತೆಯೇ ಎದ್ದು ಹೋಗಿ ಎರಡು ಸಲ ಕುಟ್ಟಿದ. ಬಾಗಿ ನೋಡಿದ. ಕಿಟಕಿಯಾಚೆಯ ಬಿಸಿಲು ನೋಡಿದ. ಕಿಟಕಿ ತೆರೆಯಲಿಲ್ಲ. ಸೀದಾ ಹೋಗಿ ಸಾಮಾನಿನ ಡ್ರಾಯರ್ ಎಳೆದು ಸ್ಕ್ರೂಡ್ರೈವರ್ ತಂದ.

ಜೆನ್ಸಿ ಮೊಮ್ಮೆಗೆ ಬರೆದಳು. ಉತ್ತರವಿಲ್ಲ. ಮತ್ತೆ ಬರೆದಳು. ನಾಲ್ಕು ದಿನವಾಯಿತು. ಆಮೇಲೆ ತಾಣದ ಗ್ರಾಹಕ ಸೇವೆಗೆ ಫೋನು ಮಾಡಿದಳು. ಖರೀದಿಯಾದರೆ ಒಂದು ಒತ್ತಿ, ಮಾರಾಟವಾದರೆ ಎರಡು ಒತ್ತಿ ಎಂದು ಶುರುವಾಯಿತು. ಒತ್ತಿದಳು, ಒತ್ತಿದಳು, ಗಾಳಿಯ ಒತ್ತಡ ಅಳೆಯುವುದನ್ನು ಕೊಳ್ಳಲು ಹೋಗಿ ತನ್ನ ಒತ್ತಡ ಏರಿಸಿಕೊಂಡಳು. ನಡುನಡುವೆ ಸಂಗೀತ. ತೆರೆ ಬಂದು ಹಿಂದೆ ಸರಿದಂಥ ಸಂಗೀತ. ಮಧ್ಯಾಹ್ನದ ಬಿಸಿಲು ಬೆಂಚಿನ ಮೇಲೆ ಬಿದ್ದಿತ್ತು. ಕಿವಿಗೆ ಫೋನು ಒತ್ತಿಕೊಂಡೇ ಅವಳಿಗೆ ನಿದ್ದೆ ಹತ್ತಿತು.

ಬಾಗಿಲ ಕೆಳಗಿನಿಂದ ನೀರು ಬಂತು. ಅವಸರವಿಲ್ಲದ, ಮನೆ ನೋಡಲು ಬಂದ ನೆಂಟರಂಥ ನೀರು. ಮೇಜಿನ ಕಾಲು ಮುಳುಗಿತು, ಕುರ್ಚಿಗಳು ಎದ್ದು ಹಸುಗಳ ಹಾಗೆ ಕತ್ತು ಆಡಿಸುತ್ತ ಕಿಟಕಿಯಿಂದ ಹೊರಗೆ ತೇಲಿದವು. ಊರಿನ ಮಾಡುಗಳ ಮೇಲೆ ರೋಪ್‌ವೇಯ ಕೆಂಪು ಡಬ್ಬಿ ಸಾಗುತ್ತಿತ್ತು. ಅದರೊಳಗೆ ಮಾಗ್ನುಸ್ ಗಾಜಿಗೆ ಬಾಯಿ ಹಚ್ಚಿ ಏನೋ ಉದ್ದಕ್ಕೆ ಹೇಳುತ್ತಿದ್ದ, ವಾಕ್ಯದ ಮೇಲೆ ವಾಕ್ಯ. ಗಾಜಿನಾಚೆಯದು ಕೇಳಿಸುತ್ತಿರಲಿಲ್ಲ. ಗಟ್ಟಿಯಾಗಿ ಹೇಳೋ ಎಂದು ಅವಳು ಕೂಗುವಷ್ಟರಲ್ಲಿ ಕಿವಿಯಲ್ಲೊಬ್ಬ ಹುಡುಗಿ ನಮಸ್ಕಾರ, ತಮಗೆ ಹೇಗೆ ನೆರವಾಗಲಿ ಎಂದಳು.

ಸಂಜೆ ಆಫ್ರಾ ಬಂದಾಗ ಜೆನ್ಸಿ ಆ ಫೋನಿನ ಹುಡುಗಿಯ ದನಿಯನ್ನು ಹಾಗೇ ಎತ್ತಿ ಮೇಜಿನ ಮೇಲೆ ಕೂರಿಸಿದಳು. ಮೂಗನ್ನು ಕೊಂಚ ಮೇಲೆತ್ತಿ, ಪ್ರತಿ ಮಾತಿನ ತುದಿಗೂ ನಗು ಅಂಟಿಸಿ, "ತಮ್ಮ ಬೇಸರ ನಮಗೆ ಅರ್ಥ ಆಗುತ್ತೆ ಮೇಡಂ. ಹದಿನಾಲ್ಕು ದಿನದೊಳಗೆ ವಾಪಸ್ ಕಳಿಸಬಹುದು ಮೇಡಂ. ಆದ್ರೆ ಬಿಚ್ಚಿರಬಾರದು, ತಿರುಪಿರಬಾರದು, ಕೆರೆದಿರಬಾರದು ಮೇಡಂ. ತಮ್ಮ ಬೇಸರ ನಮಗೆ ಅರ್ಥ ಆಗುತ್ತೆ ಮೇಡಂ," ಎಂದಳು.

ಮೂಲೆಯ ಕುರ್ಚಿಯಿಂದ ಒಂದು ಸದ್ದು ಬಂತು. ಮಾಗ್ನುಸನ ಬಾಯಿಯ ಎಡಭಾಗ ನಗುತ್ತಿತ್ತು. ಏಳು ತಿಂಗಳಲ್ಲಿ ಮೊದಲ ಸಲ.

"ಇವನು ನಕ್ಕಿದ್ದು ಸರಿ," ಎಂದಳು ಆಫ್ರಾ, "ಅವನ್ಯಾರೋ ಸಮುದ್ರದವನು ಕೂಡ ಅಲ್ಲಿ ಕೂತು ನಗ್ತಿದಾನೆ, ನೆನಪಿರಲಿ. ದುಡ್ಡು ಒಳಗೆ, ಬಾಯಿಗೆ ಬೀಗ. ಹಾಕೇ ಒಂದು ಕೆಂಪು."

"ಎರಡು ಸಾವಿರ ಹಸಿರಿದೆ ಕಣೇ ಅವನಿಗೆ. ಒಂದೂ ಕೆಂಪಿಲ್ಲ."

"ಬಿಳಿ ಗೋಡೆ ಮೇಲೆ ಉಗುಳಿದ್ರೇ ಕಾಣೋದು."

ಜೆನ್ಸಿ ಕೆಂಪು ಹಾಕಿದಳು. ಎಂಬತ್ತು ಅಕ್ಷರಕ್ಕೆ ಮೀರುವಂತಿರಲಿಲ್ಲ. 'ಮುಳ್ಳು ಕೆಟ್ಟಿದೆ. ಬಿಸಿಲಲ್ಲಿ ಬಿರುಗಾಳಿ ತೋರಿಸುತ್ತೆ. ಮಾರಿದವನು ಮೌನಿ. ಎಚ್ಚರ' ಎಂದು ಬರೆದಳು. ಬರೆದ ಮೇಲೆ ಹಗುರಾಗಲಿಲ್ಲ. ಮಾಗ್ನುಸನ ಕಡೆ ನೋಡಿದಳು. ನಗು ಆರಿಹೋಗಿತ್ತು. ಅವನ ಕಣ್ಣು ಬ್ರೆಡ್ಡಿನ ಡಬ್ಬಿಯ ಮೇಲಿತ್ತು.

ಮೂರನೆಯ ಸಲ ಸ್ಕ್ರೂಡ್ರೈವರ್ ಕಿತ್ತಿಟ್ಟದ್ದು ಅದರ ಮರುದಿನ, ಗುರುವಾರ. ಆಲೂಗಡ್ಡೆಯ ಬಟ್ಟಲನ್ನು ಪಕ್ಕಕ್ಕೆ ಸರಿಸಿ, ಜೆನ್ಸಿ ಹಣ್ಣಿನ ಬುಟ್ಟಿಯ ಕೆಳಗಿನಿಂದ ಅರ್ಜಿಯನ್ನು ಎಳೆದುಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು. ಮಾಗ್ನುಸ್ ಎದುರಿಗೇ ಕುಳಿತು ಕಾಗದವನ್ನು ನೋಡುತ್ತಿದ್ದ. ಓದುತ್ತಿದ್ದನೋ, ಬರೀ ನೋಡುತ್ತಿದ್ದನೋ.

ಫೋನು ಹೊಡೆದುಕೊಂಡಿತು.

ದನಿ ನಿಧಾನದ್ದು, ಉಪ್ಪು ಹಿಡಿದದ್ದು. ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಒಬ್ಬ ಮನುಷ್ಯ ಆರಾಮಾಗಿ ನಡೆದು ಹೋಗಬಹುದು. ಮೊಮ್ಮೆ ಮಾತಾಡುವುದು ಎಂದ. ಐದು ದಿನ ಸಮುದ್ರ ದ್ವೀಪದ ಮೇಲೆ ಏರಿ ಕೂತಿತ್ತು, ಮನೆ ನಿಂತ ದಿಬ್ಬವೊಂದು ಬಿಟ್ಟು ಮಿಕ್ಕದ್ದೆಲ್ಲ ನೀರು, ಕುರಿಗಳೆಲ್ಲ ಹಜಾರದಲ್ಲಿ, ತಂತಿ ಕಡಿದಿತ್ತು, ಅಂಚೆ ದೋಣಿಯೂ ಇಲ್ಲ. ಈಗಷ್ಟೇ ನಿಮ್ಮ ಬರಹ ನೋಡಿದೆ ಎಂದ. ಕೆಂಪು ಚುಕ್ಕೆಯ ಸುದ್ದಿ ತೆಗೆಯಲಿಲ್ಲ. ತೆಗೆಯದ್ದಕ್ಕೇ ಜೆನ್ಸಿಯ ಕಿವಿ ಬಿಸಿಯಾಯಿತು.

"ಏನು ತೋರಿಸ್ತಿದೆ ಅಮ್ಮಾ ಅದು?"

"ಬಿರುಗಾಳಿ."

"ಹೌದಲ್ಲ. ಇಲ್ಲಿ ಇದ್ದದ್ದೂ ಅದೇ."

"ಇಲ್ಲಿ ಜನ ಅಂಗಿ ತೋಳು ಮಡಚಿಕೊಂಡು ಅಂಗಳದಲ್ಲಿ ಕಾಫಿ ಕುಡೀತಿದಾರೆ ಕಣ್ರೀ."

ಅತ್ತ ಕುರಿಯೊಂದು ಕೆಮ್ಮಿತು. ನಮ್ಮ ಮನೆಯಲ್ಲಿ ಎಪ್ಪತ್ತು ವರ್ಷ ಸುಳ್ಳು ಹೇಳಿದ್ದಲ್ಲ ಅದು ಎಂದು ಮುದುಕ ತನ್ನಷ್ಟಕ್ಕೇ ಅಂದುಕೊಂಡ. ಆಮೇಲೆ, ಕೇಳಲೋ ಬೇಡವೋ ಎಂಬಂತೆ ಕೇಳಿದ: "ನೀವು ಎಷ್ಟು ಎತ್ತರದಲ್ಲಿದೀರಿ?"

"ನೆಲದ ಮನೆ. ಮಹಡಿ ಇಲ್ಲ."

"ಮಹಡಿ ಅಲ್ಲಮ್ಮ. ಸಮುದ್ರದಿಂದ."

ಅದು ಊರಿನ ಬಸ್ ನಿಲ್ದಾಣದ ಹಲಗೆಯ ಮೇಲೇ ಇತ್ತು. "ಏಳುನೂರ ಎಂಬತ್ತು ಮೀಟರ್," ಎಂದಳು ಜೆನ್ಸಿ.

ಈ ಸಲದ ಮೌನದಲ್ಲಿ ಒಂದು ಮೆರವಣಿಗೆಯೇ ಹೋಗಬಹುದಿತ್ತು. ಬಳಿಕ ಮೊಮ್ಮೆ ನಗತೊಡಗಿದ. ಅವನ ದಿಬ್ಬ ನಾಲ್ಕು ಮೀಟರ್. ಮಾಡಿನ ಮೇಲೆ ಹತ್ತಿ ನಿಂತರೆ ಹನ್ನೊಂದು. ಹುಟ್ಟಿದಾರಭ್ಯ ಅದಕ್ಕಿಂತ ಮೇಲೆ ಹೋದವನಲ್ಲ. ಗಾಳಿ ಎಲ್ಲರ ಮನೆಯಲ್ಲೂ ಒಂದೇ ತೂಕ ಅಂತಲೇ ಇದ್ದುಬಿಟ್ಟೆ ಎಂದ. ಮೇಲೆ ಹೋದಷ್ಟೂ ಗಾಳಿ ತೆಳು. ಕಡಲ ಮಟ್ಟಕ್ಕೆ ಕೂರಿಸಿದ ಮುಳ್ಳು ಬೆಟ್ಟದ ಮೇಲೆ ಯಾವತ್ತೂ ಬಿರುಗಾಳಿಯಲ್ಲೇ ಬಿದ್ದಿರುತ್ತದೆ. ಹೊಸ ಎತ್ತರಕ್ಕೆ ಅದನ್ನು ತಿರುಗಿಸಿ ಕೂರಿಸಬೇಕು.

"ಹಿಂದುಗಡೆ ಒಂದು ಸಣ್ಣ ತೂತು ಇದೆ ನೋಡಿ. ಒಳಗೊಂದು ತಿರುಪು. ಏನಿಲ್ಲಮ್ಮ, ಒಂದು ಸ್ಕ್ರೂಡ್ರೈವರ್ ಸಾಕು."

ಜೆನ್ಸಿ ಫೋನನ್ನು ಕಿವಿಯಿಂದ ಇಳಿಸಿದಳು. ಮಾಗ್ನುಸ್ ಕಾಗದದಿಂದ ಕಣ್ಣೆತ್ತಿ ಅವಳನ್ನು ನೋಡುತ್ತಿದ್ದ. ಅವಳು ಎದ್ದು ಬ್ರೆಡ್ಡಿನ ಡಬ್ಬಿ ತೆರೆದಳು. ಸ್ಕ್ರೂಡ್ರೈವರಿಗೆ ಮೆತ್ತಿದ ಪುಡಿಯನ್ನು ಏಪ್ರನ್ನಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. ಆಮೇಲೆ ಅವನ ಎಡಗೈಗೆ ಕೊಟ್ಟಳು.

ಬಾರೋಮೀಟರನ್ನು ಗೋಡೆಯಿಂದ ಇಳಿಸಿ, ಮುಖ ತನ್ನ ಕಡೆಗೆ, ಬೆನ್ನು ಅವನ ಕಡೆಗೆ ಮಾಡಿ ಎದೆಗೆ ಆನಿಸಿಕೊಂಡು ನಿಂತಳು. ತಿರುಪು ಸಿಕ್ಕಲು ಅವನಿಗೆ ಹೊತ್ತು ಹಿಡಿಯಿತು. ಸಿಕ್ಕಿತು. ಒಂದು ಸುತ್ತು, ನಿಂತು ಉಸಿರು. ಇನ್ನೊಂದು ಸುತ್ತು. ಅವಳ ಗಲ್ಲದ ಕೆಳಗೆ ಮುಳ್ಳು ಬಿರುಗಾಳಿಯಿಂದ ಹೊರಟು, ಮಳೆ ದಾಟಿ, ಬದಲಾವಣೆ ದಾಟಿ, ಬೆಟ್ಟ ಹತ್ತುವ ಮುದುಕನ ಹಾಗೆ ಏರತೊಡಗಿತು. ಮಾಗ್ನುಸ್ ನಡುವೆ ನಿಲ್ಲಿಸಿ ಕಿಟಕಿಯಾಚೆ ನೋಡಿದ. ಬೆಟ್ಟದ ಅಂಚು ನೋಡಿದ, ಹೊಗೆ ಏಳುತ್ತಿದ್ದ ರೀತಿ ನೋಡಿದ. ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ.

"ಅದೇ," ಎಂದ.

ಮೇಜಿನ ಮೇಲಿಂದ ಫೋನು, ಆಯ್ತೇನಮ್ಮಾ, ಆಯ್ತೇನಮ್ಮಾ ಎಂದು ಸಣ್ಣಗೆ ಕೇಳುತ್ತಲೇ ಇತ್ತು.

ಮತ್ತೆ ಮೊಳೆಗೆ ಹಾಕಿದಾಗ ಬಾರೋಮೀಟರು ಒಂದು ಕಡೆಗೆ ವಾಲಿತು. ಜೆನ್ಸಿ ಮೇಜಿನ ಮೇಲಿದ್ದ, ಸಹಿಯಾಗದ ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಅದರ ಬೆನ್ನಿಗೆ ಸಿಕ್ಕಿಸಿದಳು. ನೆಟ್ಟಗಾಯಿತು.

ಕೆಂಪು ಚುಕ್ಕೆ ಅಳಿಸಲು ಅವಳು ಮತ್ತೆ ಗ್ರಾಹಕ ಸೇವೆಗೆ ಹೋಗಿ ಒಂದು ಒತ್ತಿ ಎರಡು ಒತ್ತಿ ಕೂತಳು. ಒಮ್ಮೆ ಹಾಕಿದ್ದನ್ನು ಕೊಂಡವರು ಹಿಂದಕ್ಕೆ ತೆಗೆಯುವಂತಿಲ್ಲ, ಮಾರಿದವರೇ ಕೋರಬೇಕು ಎಂದಳು ಆ ಹುಡುಗಿ. ಮೊಮ್ಮೆಗೆ ಬರೆದು ಕೇಳಿದರೆ, ಇರಲಿ ಬಿಡಿ, ಅಷ್ಟೊಂದು ಹಸಿರಿನ ನಡುವೆ ಒಂದು ಕೆಂಪು ಗಸಗಸೆ ಹೂವು ಎಂದ. ಅವಳ ದೂರಿನ ಕೆಳಗೆ ಎಲ್ಲರಿಗೂ ಕಾಣುವಂತೆ ತನ್ನ ಉತ್ತರ ಬರೆದಿದ್ದ: 'ಅಮ್ಮ ಹೇಳಿದ್ದು ನಿಜ. ನಾನು ಬೆಟ್ಟ ಹತ್ತಿ ಗೊತ್ತಿಲ್ಲದ ಮನುಷ್ಯ. ಎಚ್ಚರ.'

ಶನಿವಾರ ಬೆಳಿಗ್ಗೆಯೂ ಬಿಸಿಲು. ಆಕಾಶದಲ್ಲಿ ಒರೆಸಲು ಒಂದು ಕಲೆಯೂ ಇರಲಿಲ್ಲ. ಜೆನ್ಸಿ ಹಿತ್ತಲಲ್ಲಿ ಹಾಸಿಗೆಯ ಹೊದಿಕೆ ಒಣಹಾಕುತ್ತಿದ್ದಾಗ ಒಳಗೆ ಗಾಜಿನ ಮೇಲೆ ಗೆಣ್ಣಿನ ಸದ್ದು ಕೇಳಿತು. ಒಂದು. ಎರಡು. ಆಮೇಲೆ ಕಿಟಕಿಯ ಅಗುಳಿ. ಮಾಗ್ನುಸ್ ತಲೆ ಹೊರಗೆ ಹಾಕಿದ. ಬಾಯಿಯ ಎಡಭಾಗವನ್ನು ಸರಿಮಾಡಿಕೊಂಡು, ಗಂಟಲು ಕೆರೆದುಕೊಂಡು, "ಅದೇ," ಎಂದ. ಮೂಗಿನಿಂದ, ಎಳೆದು, ಕೊನೆಯಲ್ಲಿ ಪಾದ್ರಿ ಪೂಜಾಪೀಠದ ಮುಂದೆ ಇಳಿಸುವ ಹಾಗೆ ಇಳಿಸಿ.

ಜೆನ್ಸಿ ಆಗತಾನೇ ಹಾಕಿದ ಹೊದಿಕೆಯ ಪಿನ್ನು ತೆಗೆಯತೊಡಗಿದಳು.

ಬೇಲಿಯಾಚೆ ಆಫ್ರಾ, ತೊಳೆದ ಅಂಗಿಯೊಂದನ್ನು ಕೈಯಲ್ಲಿ ಹಿಡಿದು, "ಏನೇ, ತಲೆ ಕೆಟ್ಟಿದೆಯಾ? ಈ ಬಿಸಿಲಲ್ಲಿ?" ಎಂದಳು. ಜೆನ್ಸಿ ಇನ್ನೊಂದು ಪಿನ್ನು ತೆಗೆದಳು. ಆಫ್ರಾ ಆಕಾಶ ನೋಡಿದಳು. ಕಿಟಕಿ ನೋಡಿದಳು. ಬಳಿಕ ಒದ್ದೆ ಅಂಗಿಯನ್ನು ಬುಟ್ಟಿಗೆ ಹಾಕಿ, ಹಗ್ಗದ ಮೇಲಿದ್ದವಕ್ಕೆ ಕೈ ಚಾಚಿದಳು. ಅವಳ ಆಚೆಯ ಮನೆಯವರು ಅವಳನ್ನು ನೋಡಿದರು. ಅವರಾಚೆಯವರು ಅವರನ್ನು. ತುಂಬು ಬಿಸಿಲಿನಲ್ಲಿ, ಬೀದಿಯ ಉದ್ದಕ್ಕೂ, ಹಗ್ಗಗಳು ಒಂದೊಂದಾಗಿ ಖಾಲಿಯಾಗುತ್ತ ಬಂದವು.