ಹೊಸಾದು ಮ್ಯಾಲ, ಹಳೀದು ಕೆಳಗ

ಬೆರಳಿಗೆ ಇನ್ನೂ ಪುಸ್ತಕದ ರಟ್ಟಿನ ಅಂಟಿನ ವಾಸನೆ, ಮೈದಾ ಹಿಟ್ಟು ಕುದಿಸಿ ಮಾಡಿದ ಹುಳಿಹುಳಿ ಅಂಟು, ಕರ್ಚೀಫಿಗೆ ಎಷ್ಟು ಒರೆಸಿದರೂ ಹೋಗುತ್ತಿಲ್ಲ, ಒರೆಸುತ್ತಲೇ ಇರು ಮೃಣಾಲಿನಿ, ಕಿಟಕಿಯ ಕಡೆ ಮುಖ ಮಾಡಿ ನಿಂತಿರು, ಹಿಂದೆ ತಿರುಗಬೇಡ, ಹಿಂದೆ ಆ ಹಾಳೆ ಬೆಂಚಿನಿಂದ ಬೆಂಚಿಗೆ ಹೋಗುತ್ತಿದೆ, ನೀನು ನೋಡಿದರೆ ಹುಡುಗರು ದಾಕ್ಷಿಣ್ಯಕ್ಕೆ ಸಹಿ ಮಾಡಿಯಾರು, ದಾಕ್ಷಿಣ್ಯದ ಸಹಿ ನನಗೆ ಬೇಡ — ಸುಳ್ಳು, ಬೇಕು, ಹತ್ತು ಸಹಿ ಬೇಕು, ದಾಕ್ಷಿಣ್ಯದ್ದಾದರೂ ಸರಿ, ಕನಿಕರದ್ದಾದರೂ ಸರಿ. ನಮ್ಮ ಪ್ರಿನ್ಸಿಪಾಲ್ ಧೀರೇಂದ್ರ ಸರ್ ನಿನ್ನೆ ಚಹಾದ ಕಪ್ಪು ಕೆಳಗಿಟ್ಟು ಎಷ್ಟು ಮೆತ್ತಗೆ ಹೇಳಿದರು, ಮೇಡಂ, ಹೋದ ವರ್ಷ ನಾಕು ಹೆಸರು, ಅದರ ಹಿಂದಿನ ವರ್ಷ ಆರು, ಈ ಸಲ ಹತ್ತಾಗಲಿಲ್ಲಂದ್ರ ಆ ಪೇಪರ್ ತಗದ ಬಿಡೂಣ್ರಿ, ಎಲೆಕ್ಟ್ರಾನಿಕ್ಸ್ ಒಂದ ಸಾಕು. ಸಾಕಂತೆ. ಎಂ.ಎಸ್ಸಿ. ಕೊನೆಯ ವರ್ಷಕ್ಕೆ ಆದಿ ವಿಶ್ವದ ಭೌತಶಾಸ್ತ್ರ ಎಂದು ಒಂದು ಐಚ್ಛಿಕ ಪತ್ರಿಕೆ ಸಿಲಬಸ್ಸಿನಲ್ಲಿ ಸೇರಲಿ ಎಂದು ನಾನು ಹನ್ನೊಂದು ವರ್ಷ ಅರ್ಜಿ ಬರೆದು ಗೆದ್ದಿದ್ದೇನೆ, ಹನ್ನೊಂದು ವರ್ಷ, ಜಮಖಂಡಿಯ ಹುಡುಗರಿಗೆ ಅದೆಲ್ಲ ಯಾಕ್ರೀ ಅಂದವರಿಗೆ ಜಮಖಂಡಿ ಏನು ವಿಶ್ವದ ಹೊರಗಿದೆಯಾ ಎಂದು ಕೇಳಿ ಜಗಳ ತೆಗೆದಿದ್ದೇನೆ, ಈಗ ಹದಿನೆಂಟು ಹುಡುಗರಲ್ಲಿ ಹತ್ತು ಜನ ಒಪ್ಪಿದರೆ ಉಂಟು, ಇಲ್ಲವಾದರೆ ನಾಳೆಯಿಂದ ಮತ್ತೆ ಪ್ರಯೋಗಾಲಯದಲ್ಲಿ ಬ್ಯಾಟರಿ, ತಂತಿ, ಮೀಟರು.

ಯಾರೋ ಪೆನ್ನು ಕೆಳಗೆ ಬೀಳಿಸಿದರು, ಯಾರೋ ಕಿಸಕ್ಕನೆ ನಕ್ಕರು, ನಗಲಿ, ನಗುವಂಥದ್ದೇ ಆಯಿತಲ್ಲ ಇವತ್ತು, ಮುರಗೆಪ್ಪನವರೇ, ನಿಮಗೆ ಏನು ಅನ್ನಬೇಕು ನಾನು. ಕೋರ್ಟಿನ ಎದುರಿನ ಓಣಿಯಲ್ಲಿ ನಲವತ್ತು ವರ್ಷದಿಂದ ಕಚೇರಿ ಕಡತ ಹೊಲಿಯುತ್ತಿರುವ ಮನುಷ್ಯ, ಕಾಲೇಜಿನಲ್ಲಿರುವ ಒಂದೇ ಪ್ರತಿಯನ್ನು, ಆರುನೂರು ಪುಟದ ಪಠ್ಯಪುಸ್ತಕವನ್ನು, ಬೆನ್ನು ಕಳಚಿ ಹಾಳೆ ಹಾಳೆಯಾಗಿದ್ದದ್ದನ್ನು ನಾನೇ ಅಧ್ಯಾಯಕ್ಕೊಂದರಂತೆ ದಾರ ಕಟ್ಟಿ ಒಂಬತ್ತು ಕಟ್ಟು ಮಾಡಿ ಅವರ ಕೈಗೆ ಕೊಟ್ಟಿದ್ದೆ. ಮೊನ್ನೆ ಫೋನು, ಅಕ್ಕಾರ, ಇದರಾಗ ಹಳೀದು ಯಾವದ್ರಿ, ಹೊಸಾದು ಯಾವದ್ರಿ, ನನಗೋ ಆನಂದವೇ ಆನಂದ, ಬೈಂಡಿಂಗ್ ಮಾಡುವವರಿಗೂ ವಿಶ್ವದ ಇತಿಹಾಸ ಬೇಕಾಯಿತಲ್ಲ ಎಂದು, ಮೊದಲನೇ ಅಧ್ಯಾಯ ಎಲ್ಲಾಕಿಂತ ಹಳೀದು ನೋಡ್ರಿ, ಸಾವಿರದ ಮುನ್ನೂರಾ ಎಂಬತ್ತು ಕೋಟಿ ವರ್ಷ, ಒಂಬತ್ತನೇದು ಹೊಸಾದು, ಈಗ ನಾವಿರೋದು, ಎಂದು ದೊಡ್ಡ ಪಂಡಿತಳ ಹಾಗೆ ಹೇಳಿದೆ. ಅಯ್ಯ ಶಿವನ, ಅಷ್ಟು ಹಳೇ ಕೇಸು ನಮ್ಮ ಕೋರ್ಟಿನಾಗೂ ಇಲ್ಲ ಬಿಡ್ರಿ, ಅಂದರು, ಇಬ್ಬರೂ ನಕ್ಕೆವು, ಫೋನು ಇಟ್ಟೆವು. ಇವತ್ತು ಹತ್ತೂವರೆಗೆ ಅಂಗಡಿಗೆ ಓಡಿ, ಪೇಪರಿನಲ್ಲಿ ಸುತ್ತಿದ್ದನ್ನು ಹಾಗೇ ಎತ್ತಿಕೊಂಡು, ಈ ಪತ್ರಿಕೆಯ ಪರಿಚಯಕ್ಕೆಂದಿದ್ದ ಹನ್ನೊಂದರ ತರಗತಿಗೆ ಏದುಸಿರು ಬಿಡುತ್ತ ಬಂದು, ಹುಡುಗರ ಮುಂದೆಯೇ ಬಿಚ್ಚಿದರೆ — ಏನು ಚೆಂದದ ಕೆಂಪು ಬಟ್ಟೆಯ ರಟ್ಟು! ತೆರೆದರೆ ಮೊದಲಿಗೇ ಒಂಬತ್ತನೇ ಅಧ್ಯಾಯ. ಆಮೇಲೆ ಎಂಟು, ಆಮೇಲೆ ಏಳು. ವಿಶ್ವದ ಹುಟ್ಟು ಕಟ್ಟಕಡೆಗೆ, ಹಿಂಬದಿಯ ರಟ್ಟಿಗೆ ಅಂಟಿಕೊಂಡು ಕೂತಿದೆ. ಕಚೇರಿ ಫೈಲಿನಲ್ಲಿ ಹಾಗೇ ಅಲ್ಲವೇ, ಹೊಸ ಕಾಗದ ಮೇಲೆ, ಹಳೆಯದು ಕೆಳಗೆ, ತಪ್ಪು ಅವರದಲ್ಲ, ಕೇಳಿದ್ದಕ್ಕೆ ಅಷ್ಟು ಖುಷಿಯಿಂದ ಉತ್ತರ ಕೊಟ್ಟವಳು ನಾನು.

ಆ ಗಳಿಗೆ, ಹದಿನೆಂಟು ಮುಖ, ನಾನು, ತಲೆಕೆಳಗಾದ ವಿಶ್ವ, ಬೆವರು ಕಿವಿಯ ಹಿಂದೆ ಇಳಿಯಿತು, ಪ್ರತಿ ವರ್ಷ ಮೊದಲನೇ ಅಧ್ಯಾಯದಿಂದಲೇ ಶುರು ಮಾಡುತ್ತಿದ್ದೆ, ಸೆಕೆಂಡಿನ ಕೋಟಿ ಕೋಟಿಯ ಒಂದು ಪಾಲು, ಬೋರ್ಡು ತುಂಬ ಗ್ರೀಕ್ ಅಕ್ಷರ, ಹತ್ತು ನಿಮಿಷಕ್ಕೆ ಹಿಂದಿನ ಬೆಂಚು ತೂಕಡಿಸುತ್ತಿತ್ತು, ಈ ಸಲ ಅದೂ ಇಲ್ಲ, ಅಧ್ಯಾಯ ಹುಡುಕುತ್ತ ನಿಂತರೆ ಮರ್ಯಾದೆ ಹೋಯಿತು, ಸರಿ, ಮುರಗೆಪ್ಪ ಕಾಕಾ ಫೈಲಿನಂಗ ಹೊಲದಾರ, ಹೊಸಾದು ಮ್ಯಾಲ, ಹಳೀದು ಕೆಳಗ, ಎಂದು ಹೇಳಿ ತೆರೆದ ಪುಟದಿಂದಲೇ ಹೊರಟೆ, ಬಾಯಿಗೆ ಬಂದದ್ದೇ ಬಂತು, ಆ ಕಿಟಕ್ಯಾಗ ಬಂದಿರೋ ಬಿಸಿಲು ನೋಡ್ರಿ, ಅದು ಎಂಟು ನಿಮಿಷ ಹಳೀದು, ಸೂರ್ಯನ್ನ ಬಿಟ್ಟಾಗ ನೀವಿನ್ನೂ ಕ್ಯಾಂಟೀನಿನಾಗ ಇದ್ರಿ. ಎಲ್ಲರೂ ಬಿಸಿಲಿನ ಕಡೆ ನೋಡಿದರು, ಖರೆ ನೋಡಿದರು! ರಬಕವಿಯಿಂದ ಬರುವ ಐಶ್ವರ್ಯ, ಮನೆಯಲ್ಲಿ ನಾಲ್ಕು ಮಗ್ಗ, ಗದ್ದಲದಲ್ಲೇ ಬೆಳೆದದ್ದಕ್ಕೆ ಇರಬೇಕು ದನಿ ದೊಡ್ಡದು, ಅದರ ಹಿಂದ ಏನಿತ್ರೀ ಮೇಡಂ ಅಂದಳು. ಸೂರ್ಯ ಹುಟ್ಟುವ ಮೊದಲು ಬೇರೆ ನಕ್ಷತ್ರ. ಅದರ ಹಿಂದ? ಬರೇ ಅನಿಲ, ಕತ್ತಲೆ. ಅದರ ಹಿಂದ? ಹಾಳೆ ತಿರುವಿದರೆ ಉತ್ತರ ಅಲ್ಲೇ, ಮುಂದಿನ ಪುಟದಲ್ಲೇ, ಬೆಳಕು ಹೊರಬೀಳಲಾಗದಷ್ಟು ದಟ್ಟವಾಗಿ ಕುದಿಯುತ್ತಿದ್ದ ವಿಶ್ವ, ಅದರ ಹಿಂದೆ ಪರಮಾಣುಗಳೇ ಇಲ್ಲ, ಇನ್ನೂ ಹಿಂದೆ, ಪ್ರೋಟಾನುಗಳು ಮೂಡಿದ ಗಳಿಗೆ, ಆಗ ಮೂಡಿದ ಹೈಡ್ರೋಜನ್ನಿನ ಬೀಜಗಳೇ ಇವತ್ತಿಗೂ ನೀವು ಕುಡಿಯೋ ನೀರಿನಾಗ ಅದಾವು ಎಂದೆ. ಅಲ್ಲಿ ಎದ್ದು ನಿಂತನಲ್ಲ ತೇರದಾಳದ ಯಲ್ಲಾಲಿಂಗ, ಯಾವಾಗಲೂ ಬಸ್ಸಿನ ಹೊತ್ತು ನೋಡಿಕೊಂಡೇ ಕೂರುವವನು, ತನ್ನ ಬಾಟಲಿ ಎತ್ತಿ ಹಿಡಿದು, ಅಂದ್ರ ಇದು ನಮ್ಮ ಮುತ್ಯಾಗಿಂತ ಹಳೀದರೀ? ನಿಮ್ಮ ಮುತ್ಯಾ ಅಷ್ಟ ಅಲ್ಲಪಾ, ಸೂರ್ಯಗಿಂತ ಹಳೀದು. ಅವನು ಬಾಟಲಿಯನ್ನು ಮೆಲ್ಲಗೆ, ಎರಡೂ ಕೈಯಿಂದ, ಕೆಳಗಿಟ್ಟ. ಯಾರೂ ನಗಲಿಲ್ಲ. ನನಗೆ ಅಳು ಬಂದಂತಾಯಿತು, ಕೆಮ್ಮಿದೆ, ಹುಚ್ಚಿ, ಪಾಠ ಮಾಡುತ್ತ ಅಳುವುದೇ, ಆದರೆ ಎಷ್ಟು ಸುಖವಾಗಿತ್ತು, ಹದಿನೆಂಟು ಜನ ಮುಂದಕ್ಕೆ ಬಾಗಿ ಕೂತಿದ್ದರು, ಗಂಟೆ ಬಾರಿಸಿದರೂ ಏಳಲಿಲ್ಲ, ಯಲ್ಲಾಲಿಂಗನ ಬಸ್ಸು ಯಾವಾಗಲೋ ಹೋಯಿತು, ಇಷ್ಟು ವರ್ಷ ನಾನು ತುದಿ ತಪ್ಪಿ ಹಿಡಿದಿದ್ದೆ, ಅಷ್ಟೇ, ಇವರು ನಿಂತಿರುವ ಜಾಗದಿಂದ ಹೊರಡಬೇಕಿತ್ತು.

ಮೇಡಂ, ತಗೋರಿ. ಹಾಳೆ ಬಂತು, ತಿರುಗಿದೆ, ತೆಗೆದುಕೊಂಡೆ. ನಾನೇ ಸ್ಕೇಲಿಟ್ಟು ಗೆರೆ ಎಳೆದು ಒಂದರಿಂದ ಹದಿನೆಂಟರವರೆಗೆ ನಂಬರು ಹಾಕಿದ ಹಾಳೆ, ಒಂದನೇ ಸಾಲು ಖಾಲಿ. ಎರಡು ಖಾಲಿ. ಮೂರು, ನಾಲ್ಕು, ಖಾಲಿ. ಆಯಿತು, ಮುಗಿಯಿತು, ನಗುತ್ತ ಕೇಳಿದರು, ಬಾಟಲಿ ನೋಡಿದರು, ಎಲೆಕ್ಟ್ರಾನಿಕ್ಸ್‌ಗೆ ಹೋದರು, ಹೋಗಲಿ, ಹೊಟ್ಟೆಪಾಡು ಅವರಿಗೂ ಇದೆ, ಮುಖ ನೆಟ್ಟಗಿಟ್ಟುಕೋ ಮೃಣಾಲಿನಿ — ಕೆಳಗಿಂದ ನೋಡ್ರೀ ಮೇಡಂ, ಐಶ್ವರ್ಯಳ ದನಿ, ಇಡೀ ತರಗತಿ ಘೊಳ್ಳೆಂದಿತು, ಮುರಗೆಪ್ಪ ಕಾಕಾನ ಪದ್ಧತಿರೀ. ಹದಿನೆಂಟನೇ ಸಾಲಿನಲ್ಲಿ ಅವಳ ಹೆಸರು, ಅದರ ಮೇಲೆ ಯಲ್ಲಾಲಿಂಗ, ಅದರ ಮೇಲೆ ಇನ್ನೊಂದು, ಭಡವರೇ, ಜೀವ ಹೋಗಿ ಬಂತಲ್ಲೋ, ಹದಿನೈದು, ಹದಿನಾಲ್ಕು, ಒಂದೊಂದೇ ಮೇಲಕ್ಕೆ ಹತ್ತುತ್ತಿವೆ, ಹದಿಮೂರು, ಹನ್ನೆರಡು, ಹನ್ನೊಂದು, ಹತ್ತು, ಒಂಬತ್ತನೇ ಸಾಲು ತುಂಬಿದ್ದರೆ ಹತ್ತು ಜನ, ಒಂಬತ್ತನೇ ಸಾಲು, ಒಂದೂವರೆ ವರ್ಷದಲ್ಲಿ ಒಮ್ಮೆಯೂ ಬಾಯಿ ತೆರೆಯದ, ಹಾಜರಿ ಕರೆದರೂ ಕೈ ಮಾತ್ರ ಎತ್ತುವ ಹುಡುಗಿಯ ಸಣ್ಣ ಅಕ್ಷರ, ಹರಿಪ್ರಿಯಾ, ಅದರ ಮೇಲೂ ಹೆಸರುಗಳಿವೆ, ನೋಡಬೇಕು, ಎಣಿಸಬೇಕು, ಧೀರೇಂದ್ರ ಸರ್ ಹತ್ತಿರ ಓಡಬೇಕು, ಕಣ್ಣು ಮೇಲೆ ಹೋಗುತ್ತಿಲ್ಲ, ಒಂಬತ್ತನೇ ಸಾಲು, ಹಸಿ ಶಾಯಿ, ಹರಿಪ್ರಿಯಾ, ಒಂಬತ್ತನೇ ಸಾಲು, ಹರಿಪ್ರಿಯಾ